ಪಕ್ಕದಲ್ಲಿ ನಿಂತರೆ ಕೂಡಿಕೆ, ಸಾಲಿನಲ್ಲಿ ನಿಂತರೆ ಹಂಚಿಕೆ

ಕೆಪಾಸಿಟರ್ ಎಂದರೆ ಎರಡು ಲೋಹದ ತಗಡು, ನಡುವೆ ವಿದ್ಯುತ್ತನ್ನು ಹರಿಯಗೊಡದ ಒಂದು ಪದರ. ತಗಡುಗಳಿಗೆ ವೋಲ್ಟೇಜ್ ಕೊಟ್ಟಾಗ ಒಂದರ ಮೇಲೆ ಧನ ಆವೇಶ, ಇನ್ನೊಂದರ ಮೇಲೆ ಅಷ್ಟೇ ಪ್ರಮಾಣದ ಋಣ ಆವೇಶ ಕೂಡುತ್ತದೆ. ಒಂದೊಂದು ವೋಲ್ಟಿಗೆ ಎಷ್ಟು ಆವೇಶ ಕೂಡುತ್ತದೆ ಎಂಬುದೇ ಅದರ ಧಾರಕತೆ. ಅಳತೆ ಫ್ಯಾರಡ್‌ನಲ್ಲಿ. ನಿತ್ಯದ ಕೆಲಸಕ್ಕೆ ಫ್ಯಾರಡ್ ತೀರ ದೊಡ್ಡ ಮಾನ. ಹಾಗಾಗಿ ಅದರ ಹತ್ತು ಲಕ್ಷದ ಒಂದು ಪಾಲಾದ ಮೈಕ್ರೊಫ್ಯಾರಡ್, ಅದರಲ್ಲೂ ಹತ್ತು ಲಕ್ಷದ ಒಂದು ಪಾಲಾದ ಪಿಕೊಫ್ಯಾರಡ್ ಬಳಕೆಯಲ್ಲಿವೆ. ತಗಡಿನ ವಿಸ್ತೀರ್ಣ ಹೆಚ್ಚಿದಷ್ಟೂ ಧಾರಕತೆ ಹೆಚ್ಚು, ತಗಡುಗಳ ನಡುವಿನ ಅಂತರ ಹೆಚ್ಚಿದಷ್ಟೂ ಕಡಿಮೆ. ಸಮಾಂತರ ಮತ್ತು ಸರಣಿ ಜೋಡಣೆಯ ಎರಡೂ ಸೂತ್ರಗಳು ಈ ಒಂದು ಮಾತಿನಿಂದಲೇ ಹುಟ್ಟುತ್ತವೆ.

ಎರಡು ಕೆಪಾಸಿಟರುಗಳನ್ನು ಅಕ್ಕಪಕ್ಕ ಇಟ್ಟು ಎರಡರ ಮೇಲುತುದಿಗಳನ್ನು ಒಂದು ತಂತಿಗೂ ಕೆಳತುದಿಗಳನ್ನು ಇನ್ನೊಂದು ತಂತಿಗೂ ಸೇರಿಸಿದರೆ ಅದು ಸಮಾಂತರ ಜೋಡಣೆ. ಆಗ ತಗಡಿನ ವಿಸ್ತೀರ್ಣ ಕೂಡಿದಂತಾಯಿತು, ಅಂತರ ಬದಲಾಗಲಿಲ್ಲ. ಆದ್ದರಿಂದ ಧಾರಕತೆಗಳನ್ನು ನೇರವಾಗಿ ಕೂಡಿದರೆ ಸಾಕು. ಒಂದರ ತುದಿಗೆ ಇನ್ನೊಂದರ ತಲೆ ಸೇರಿಸಿ ಸಾಲಾಗಿ ಜೋಡಿಸಿದರೆ ಅದು ಸರಣಿ. ಇಲ್ಲಿ ಕೂಡುವುದು ಅಂತರ. ಒಟ್ಟು ಧಾರಕತೆ ಇರುವ ಎರಡರಲ್ಲಿ ಚಿಕ್ಕದಕ್ಕಿಂತಲೂ ಕಡಿಮೆಯಾಗುತ್ತದೆ. ಎರಡೇ ಇದ್ದಾಗ ಲೆಕ್ಕ ಸುಲಭ: ಎರಡರ ಗುಣಲಬ್ಧವನ್ನು ಎರಡರ ಮೊತ್ತದಿಂದ ಭಾಗಿಸಬೇಕು. ಮೂರು, ನಾಲ್ಕು ಇದ್ದರೆ ಒಂದೊಂದರ ವಿಲೋಮಗಳನ್ನು ಕೂಡಿ, ಬಂದ ಮೊತ್ತದ ವಿಲೋಮ ತೆಗೆಯಬೇಕು. ರೋಧಕಗಳ ಪಾಠ ಕಲಿತು ಬಂದ ವಿದ್ಯಾರ್ಥಿಗೆ ಇದು ತಲೆಕೆಳಗಾಗಿ ಕಾಣುತ್ತದೆ. ಅಲ್ಲಿ ಸರಣಿಯಲ್ಲಿ ಕೂಡಿಕೆ, ಇಲ್ಲಿ ಸಮಾಂತರದಲ್ಲಿ. ಪರೀಕ್ಷೆಯಲ್ಲಿ ಅಂಕ ಹೋಗುವುದು ಹೆಚ್ಚಾಗಿ ಇಲ್ಲೇ.

ಉದಾಹರಣೆಗೆ 10 ಮತ್ತು 15 ಮೈಕ್ರೊಫ್ಯಾರಡ್‌ನ ಎರಡು ಕೆಪಾಸಿಟರುಗಳನ್ನು 100 ವೋಲ್ಟ್ ನೇರ ವಿದ್ಯುತ್ತಿಗೆ ಜೋಡಿಸಿದರೆ ಏನಾಗುತ್ತದೆ? ಸಮಾಂತರದಲ್ಲಿ ಒಟ್ಟು 25 ಮೈಕ್ರೊಫ್ಯಾರಡ್. ಎರಡರ ಮೇಲೂ ಅದೇ 100 ವೋಲ್ಟ್, ಆದರೆ ಆವೇಶ ಒಂದರಲ್ಲಿ 1000, ಇನ್ನೊಂದರಲ್ಲಿ 1500 ಮೈಕ್ರೊಕೂಲಂಬ್. ಸರಣಿಯಲ್ಲಿ ಒಟ್ಟು 6 ಮೈಕ್ರೊಫ್ಯಾರಡ್ ಮಾತ್ರ. ಅಲ್ಲಿ ಎರಡರ ಆವೇಶವೂ ಒಂದೇ, 600 ಮೈಕ್ರೊಕೂಲಂಬ್. ಮಧ್ಯದ ತಂತಿಯ ತುಂಡು ಹೊರಗಿನ ಯಾವುದಕ್ಕೂ ತಾಗಿಲ್ಲ, ಅದರೊಳಗೆ ಒಂದು ಬದಿಯಿಂದ ಸರಿದ ಆವೇಶವೇ ಇನ್ನೊಂದು ಬದಿಗೆ ಹೋಗಿ ಕೂಡಬೇಕು, ಬೇರೆಡೆಯಿಂದ ಬರುವ ದಾರಿ ಇಲ್ಲ. ಆವೇಶ ಒಂದೇ ಆದಾಗ ವೋಲ್ಟೇಜ್ ಬೇರೆಯಾಗಲೇಬೇಕು. 10 ಮೈಕ್ರೊಫ್ಯಾರಡ್‌ನ ಪಾಲಿಗೆ 60 ವೋಲ್ಟ್, 15ರ ಪಾಲಿಗೆ 40.

ಚಿಕ್ಕದರ ಪಾಲಿಗೆ ದೊಡ್ಡ ಹೊರೆ. ಸರಣಿ ಜೋಡಣೆಯ ಸ್ವಭಾವವೆಲ್ಲ ಈ ಸಾಲಿನಲ್ಲಿದೆ. ಸೂತ್ರ ಬಾಯಿಪಾಠ ಮಾಡಿದವರೂ ಕೆಲಸದ ಕಟ್ಟೆಯಲ್ಲಿ ಮರೆಯುವುದು ಇದನ್ನೇ. ಸಮಾಂತರ ಜೋಡಣೆ ಆವೇಶವನ್ನು ಕೂಡಿಸಿಕೊಡುತ್ತದೆ, ವೋಲ್ಟೇಜ್ ತಾಳುವ ಶಕ್ತಿಯನ್ನು ಹೆಚ್ಚಿಸುವುದಿಲ್ಲ. ಅಂಥ ಗುಂಪಿನಲ್ಲಿ ಅತಿ ಕಡಿಮೆ ತಾಳುವುದು ಯಾವುದೋ ಅದರ ಮಿತಿಯೇ ಎಲ್ಲಕ್ಕೂ ಮಿತಿ. ಸರಣಿ ಜೋಡಣೆ ವೋಲ್ಟೇಜ್ ತಾಳುವ ಶಕ್ತಿಯನ್ನು ಹೆಚ್ಚಿಸಿ ಧಾರಕತೆಯನ್ನು ಕಿತ್ತುಕೊಳ್ಳುತ್ತದೆ. ಆ ಹೆಚ್ಚಳವೂ ಸಮನಾಗಿ ಹಂಚಿಕೆಯಾದರೆ ಮಾತ್ರ ಕೈಗೆ ಸಿಗುವುದು.

ಈ ಎರಡು ಜೋಡಣೆಗಳು ಕೆಪಾಸಿಟರಿನಷ್ಟೇ ಹಳೆಯವು. 1745–46ರಲ್ಲಿ ಜರ್ಮನಿಯ ಕ್ಲೈಸ್ಟ್ ಮತ್ತು ಹಾಲೆಂಡಿನ ಲೈಡನ್ ಊರಿನ ಮುಷನ್‌ಬ್ರೂಕ್ ಬೇರೆಬೇರೆಯಾಗಿ ಆವೇಶ ಹಿಡಿದಿಡುವ ಗಾಜಿನ ಜಾಡಿಯನ್ನು ಕಂಡುಕೊಂಡರು. ಕೆಲವೇ ವರ್ಷಗಳಲ್ಲಿ ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ಇಂಥ ಜಾಡಿಗಳನ್ನು ಅಕ್ಕಪಕ್ಕ ಕೂಡಿಸಿಯೂ ನೋಡಿದ, ಒಂದರ ತಳಕ್ಕೆ ಇನ್ನೊಂದನ್ನು ತೂಗುಹಾಕಿ ಸಾಲಾಗಿಯೂ ನೋಡಿದ. ಬ್ಯಾಟರಿ ಎಂಬ ಹೆಸರನ್ನು ವಿದ್ಯುತ್ತಿಗೆ ತಂದವನೂ ಅವನೇ. ಅವನ ಬ್ಯಾಟರಿ ಇವತ್ತಿನ ಬ್ಯಾಟರಿಯಲ್ಲ, ಕೆಪಾಸಿಟರುಗಳ ಕೂಟ.

ಇವತ್ತಿನ ಕೆಪಾಸಿಟರ್ ನೋಡಲು ಪುಣೆಯ ಬುಧವಾರ ಪೇಟೆಯ ತಾಪ್ಕೀರ್ ಗಲ್ಲಿಗೆ ಹೋಗಬಹುದು, ಅದು ವಿದ್ಯುತ್ ಸಾಮಾನುಗಳ ಪೇಟೆ. ವೈರು, ಸ್ವಿಚ್ಚು, ಎಲ್‌ಇಡಿ ಪಟ್ಟಿಗಳ ನಡುವೆ ಅಲ್ಲಿ ಹೆಚ್ಚು ಕೈಬದಲಾಗುವ ಕೆಪಾಸಿಟರ್ ಫ್ಯಾನಿನದು. ಬಿಳಿ ಪ್ಲಾಸ್ಟಿಕ್ ಡಬ್ಬಿ, ಎರಡು ವೈರು, ಮೈಮೇಲೆ 2.5 ಅಥವಾ 3.15 ಮೈಕ್ರೊಫ್ಯಾರಡ್, 440 ವೋಲ್ಟ್ ಎಂಬ ಬರಹ. ರಿಪೇರಿಯವರ ಬಾಯಲ್ಲಿ ಇಂದಿಗೂ ಅದು ಕಂಡೆನ್ಸರ್. ಮನೆಗೆ ಬರುವುದು 230 ವೋಲ್ಟ್ ಆಗಿರುವಾಗ 440 ಏಕೆ? ಪರ್ಯಾಯ ವಿದ್ಯುತ್ತಿನಲ್ಲಿ 230 ಎಂಬುದು ಒಂದು ಬಗೆಯ ಸರಾಸರಿ, ತುತ್ತತುದಿ 325 ವೋಲ್ಟ್ ಮುಟ್ಟುತ್ತದೆ. ಆದರೆ ಡಬ್ಬಿಯ ಮೇಲಿನ 440 ಕೂಡ ಅಂಥದೇ ಸರಾಸರಿ, ಹಾಗಾಗಿ ಕಾರಣ ಅದಲ್ಲ. ಕಾರಣವೆಂದರೆ, ಈ ಕೆಪಾಸಿಟರ್ ಫ್ಯಾನಿನ ಸಹಾಯಕ ಸುರುಳಿಯ ಜೊತೆ ಸರಣಿಯಲ್ಲಿರುತ್ತದೆ. ಸುರುಳಿಯ ವೋಲ್ಟೇಜೂ ಕೆಪಾಸಿಟರಿನ ವೋಲ್ಟೇಜೂ ಎದುರುಬದುರು ದಿಕ್ಕಿನಲ್ಲಿ ನಿಲ್ಲುವುದರಿಂದ, ಕೆಪಾಸಿಟರ್ ಮೇಲೆ ಬೀಳುವುದು ಮನೆಯ ವೋಲ್ಟೇಜಿಗಿಂತ ಹೆಚ್ಚೇ ಆಗುತ್ತದೆ. ಮೈಕ್ರೊಫ್ಯಾರಡ್ ಸಂಖ್ಯೆ ಹೊಂದಿತೆಂದು 250 ವೋಲ್ಟಿನ ಡಬ್ಬಿಯನ್ನು ಅಲ್ಲಿ ಕೂರಿಸಿದರೆ ಅದು ಬಹುಕಾಲ ಬಾಳುವುದಿಲ್ಲ.

ಅದೇ ಫ್ಯಾನಿನ ರೆಗ್ಯುಲೇಟರ್ ಎರಡೂ ಜೋಡಣೆಗಳನ್ನು ಒಟ್ಟಿಗೆ ತೋರಿಸುವ ಪುಟ್ಟ ಯಂತ್ರ. ಹಳೆಯ ದಪ್ಪ ರೆಗ್ಯುಲೇಟರ್ ರೋಧಕದ ತಂತಿಯಲ್ಲಿ ವಿದ್ಯುತ್ತನ್ನು ಸುಟ್ಟು ವೇಗ ತಗ್ಗಿಸುತ್ತಿತ್ತು. ಮುಟ್ಟಿದರೆ ಬಿಸಿ. ಈಗಿನ ಹಂತಹಂತದ ರೆಗ್ಯುಲೇಟರಿನೊಳಗೆ ಸಾಮಾನ್ಯವಾಗಿ 2.2 ಮತ್ತು 3.3 ಮೈಕ್ರೊಫ್ಯಾರಡ್‌ನ ಎರಡು ಕೆಪಾಸಿಟರುಗಳಿರುತ್ತವೆ. ಫ್ಯಾನಿನ ಜೊತೆ ಅವು ಸರಣಿ, ತಮ್ಮತಮ್ಮೊಳಗೆ ಸಮಾಂತರ. ಪರ್ಯಾಯ ವಿದ್ಯುತ್ತಿಗೆ ಕೆಪಾಸಿಟರ್ ಒಡ್ಡುವ ಅಡ್ಡಿ ಧಾರಕತೆ ಹೆಚ್ಚಿದಷ್ಟೂ ಕಡಿಮೆ. 50 ಹರ್ಟ್ಸ್‌ನಲ್ಲಿ 2.2ಕ್ಕೆ ಸುಮಾರು 1447 ಓಮ್, 3.3ಕ್ಕೆ 965, ಎರಡೂ ಸೇರಿದ 5.5ಕ್ಕೆ 579 ಓಮ್. ಮೊದಲ ಹಂತದಲ್ಲಿ ಒಂದು, ಎರಡನೆಯದರಲ್ಲಿ ಇನ್ನೊಂದು, ಮೂರನೆಯದರಲ್ಲಿ ಎರಡೂ, ಕೊನೆಯದರಲ್ಲಿ ಯಾವುದೂ ಇಲ್ಲದೆ ನೇರ. ಎರಡು ಕೆಪಾಸಿಟರಿನಿಂದ ನಾಲ್ಕು ವೇಗ. ಕೆಪಾಸಿಟರ್ ಶಕ್ತಿಯನ್ನು ಸುಡುವುದಿಲ್ಲ, ಕಾಲು ಚಕ್ರದಲ್ಲಿ ಪಡೆದದ್ದನ್ನು ಮುಂದಿನ ಕಾಲು ಚಕ್ರದಲ್ಲಿ ಹಿಂದಿರುಗಿಸುತ್ತದೆ. ರೆಗ್ಯುಲೇಟರ್ ತಣ್ಣಗಿರುವುದು ಅದಕ್ಕೇ.

ಹೊಲದ ಒಂಟಿ ಫೇಸಿನ ಪಂಪಿನಲ್ಲಿ ಈ ಸಮಾಂತರ ಜೋಡಣೆಯ ದೊಡ್ಡ ರೂಪವಿದೆ.    ಒಂಟಿ ಫೇಸಿನ ಮೋಟಾರು ತಾನಾಗಿ ತಿರುಗಲಾರದು, ತಳ್ಳಿಬಿಡಲು ಕೆಪಾಸಿಟರ್ ಬೇಕು. ಪಂಪಿನ ಹಲಗೆಯಲ್ಲಿ ಎರಡು ಕೆಪಾಸಿಟರುಗಳಿರುತ್ತವೆ. ಓಟದ್ದು 36 ಮೈಕ್ರೊಫ್ಯಾರಡ್, ಆರಂಭದ್ದು 120 ಮೈಕ್ರೊಫ್ಯಾರಡ್ ಎಂದಿಟ್ಟುಕೊಂಡರೆ, ಗುಂಡಿ ಒತ್ತಿದ ಕ್ಷಣ ಎರಡೂ ಸಮಾಂತರವಾಗಿ 156 ಆಗಿ ಸಹಾಯಕ ಸುರುಳಿಗೆ ದೊಡ್ಡ ಪ್ರವಾಹ ಹರಿಸುತ್ತವೆ. ವೇಗ ಹಿಡಿದ ಮೇಲೆ ಸ್ವಿಚ್ಚು 120ನ್ನು ಕಳಚಿಬಿಡುತ್ತದೆ, 36 ಮಾತ್ರ ಉಳಿದು ಓಡಿಸುತ್ತದೆ. ಆರಂಭದ ಕೆಪಾಸಿಟರ್ ಕೆಲವು ಸೆಕೆಂಡುಗಳ ಕೆಲಸಕ್ಕೆಂದೇ ಮಾಡಿದ್ದು. ಸ್ವಿಚ್ಚು ಅಂಟಿಕೊಂಡು ಅದು ಸಮಾಂತರದಲ್ಲೇ ಉಳಿದರೆ ಕಾದು, ಉಬ್ಬಿ, ಕೊನೆಗೆ ಸಿಡಿಯುತ್ತದೆ. ಬೇಸಿಗೆಯಲ್ಲಿ ವೋಲ್ಟೇಜ್ ಇಳಿದು ಪಂಪು ವೇಗ ಹಿಡಿಯದಿದ್ದಾಗಲೂ ಇದೇ ಗತಿ.

ಧಾರವಾಡ 765, ಪುಣೆ 792

ಹಳೆಯ ರೇಡಿಯೊದ ಮುಳ್ಳು ತಿರುಗಿಸಿದಾಗ ಒಳಗೆ ತಿರುಗುವುದು ಒಂದು ಕೆಪಾಸಿಟರ್. ಅರ್ಧಚಂದ್ರಾಕಾರದ ಅಲ್ಯೂಮಿನಿಯಂ ಎಲೆಗಳು ಒಂದರ ನಡುವೆ ಒಂದು ನುಗ್ಗಿದಷ್ಟೂ ಎದುರಾಗುವ ವಿಸ್ತೀರ್ಣ ಹೆಚ್ಚಿ ಧಾರಕತೆ ಏರುತ್ತದೆ, ಸುರುಳಿಯ ಜೊತೆ ಅದು ಹಿಡಿಯುವ ಕಂಪನಾಂಕ ಇಳಿಯುತ್ತದೆ. 1953ರಲ್ಲಿ ಶುರುವಾದ ಪುಣೆ ಆಕಾಶವಾಣಿಯ ಮೀಡಿಯಂ ವೇವ್ ಜಾಗ 792 ಕಿಲೋಹರ್ಟ್ಸ್, 1950ರಲ್ಲಿ ಶುರುವಾದ ಧಾರವಾಡದ್ದು 765. ಮೀಡಿಯಂ ವೇವ್‌ನಲ್ಲಿ ಕೇಂದ್ರಗಳನ್ನು 9 ಕಿಲೋಹರ್ಟ್ಸ್‌ಗೊಂದರಂತೆ ಕೂರಿಸುವುದರಿಂದ ಇವೆರಡರ ನಡುವೆ ಮೂರೇ ಮೆಟ್ಟಿಲು. 200 ಮೈಕ್ರೊಹೆನ್ರಿಯ ಸುರುಳಿಯಿದ್ದರೆ 792ಕ್ಕೆ ಬೇಕಾಗುವುದು ಸುಮಾರು 202 ಪಿಕೊಫ್ಯಾರಡ್, 765ಕ್ಕೆ 216. ಪುಣೆಯಿಂದ ಧಾರವಾಡಕ್ಕೆ ಮುಳ್ಳಿನ ದೂರ ಹದಿನಾಲ್ಕೂವರೆ ಪಿಕೊಫ್ಯಾರಡ್. ಪುಣೆಯಲ್ಲಿ ಕೂತು ರಾತ್ರಿ ಹೊತ್ತು ಕನ್ನಡ ವಾರ್ತೆ ಹುಡುಕುವವರ ಬೆರಳು ಹೊಸೆಯುವುದು ಇಷ್ಟು ಸಣ್ಣ ಅಳತೆಯಲ್ಲಿ.

ರೇಡಿಯೊದ ಚೆಲುವಾದ ಜಾಗ ಇದಕ್ಕೂ ಮುಂದಿನದು. ಆ ತಿರುಗುವ ಕೆಪಾಸಿಟರ್ ಎಲೆ ಪೂರ್ತಿ ಹೊರಗಿದ್ದಾಗ ಸುಮಾರು 15, ಪೂರ್ತಿ ಒಳಗಿದ್ದಾಗ 365 ಪಿಕೊಫ್ಯಾರಡ್ ಇರುತ್ತದೆ ಎನ್ನೋಣ. 24 ಪಟ್ಟು ವ್ಯತ್ಯಾಸ. ಮೀಡಿಯಂ ವೇವ್ ಪಟ್ಟಿ 530ರಿಂದ 1600 ಕಿಲೋಹರ್ಟ್ಸ್, ಕಂಪನಾಂಕದಲ್ಲಿ ಮೂರು ಪಟ್ಟು. ಧಾರಕತೆ ಅದರ ವರ್ಗದಂತೆ ಬದಲಾಗುವುದರಿಂದ ಬೇಕಾಗಿರುವುದು ಒಂಬತ್ತು ಪಟ್ಟು ಮಾತ್ರ. 24ನ್ನು 9ಕ್ಕೆ ಇಳಿಸುವುದು ಹೇಗೆ? ಸಮಾಂತರವಾಗಿ ಸುಮಾರು 28 ಪಿಕೊಫ್ಯಾರಡ್ ಸೇರಿಸಿದರಾಯಿತು. 15 ಇದ್ದದ್ದು 43 ಆಗಿ ಸುಮಾರು ಮೂರು ಪಟ್ಟಾಗುತ್ತದೆ, 365 ಇದ್ದದ್ದು 393 ಆಗಿ ಹೆಚ್ಚೇನೂ ಬದಲಾಗುವುದಿಲ್ಲ. ಟ್ರಿಮ್ಮರ್ ಎಂದು ಕರೆಯುವುದು ಇದನ್ನೇ. ಸಮಾಂತರದಲ್ಲಿ ಸೇರಿಸಿದ ಚಿಕ್ಕದು ಚಿಕ್ಕ ತುದಿಯನ್ನು ಮಾತ್ರ ಅಲುಗಿಸುತ್ತದೆ, ಅಂದರೆ ಡಯಲ್ಲಿನ ಮೇಲಿನ ಕಂಪನಾಂಕಗಳನ್ನು.

ಅದೇ ದಂಡಕ್ಕೆ ಕೂರಿಸಿದ ಎರಡನೆಯ ಎಲೆಗುಂಪು ಬೇರೊಂದು ಕೆಲಸ ಮಾಡಬೇಕು. ಬಂದ ಅಲೆಗಿಂತ ಸದಾ 455 ಕಿಲೋಹರ್ಟ್ಸ್ ಮೇಲಿರುವ ಕಂಪನವನ್ನು ರೇಡಿಯೊದೊಳಗೇ ಹುಟ್ಟಿಸುವುದು ಅದರ ಪಾಲು. ಪುಣೆ ಕೇಳುವಾಗ ಅದು 1247ರಲ್ಲಿರಬೇಕು, ಧಾರವಾಡ ಕೇಳುವಾಗ 1220ರಲ್ಲಿ. ಪೂರ್ತಿ ಪಟ್ಟಿಗೆ 985ರಿಂದ 2055. ಇಲ್ಲಿ ಧಾರಕತೆಯ ವ್ಯತ್ಯಾಸ ಒಂಬತ್ತು ಪಟ್ಟಲ್ಲ, ನಾಲ್ಕೂಕಾಲು ಪಟ್ಟಿನ ಆಸುಪಾಸು. ಈಗ ಕುಗ್ಗಿಸಬೇಕಾದ್ದು ದೊಡ್ಡ ತುದಿಯನ್ನು. ಅದಕ್ಕೆ ಸರಣಿಯೇ ಬೇಕು. 400 ಪಿಕೊಫ್ಯಾರಡ್‌ನ ಒಂದು ಕೆಪಾಸಿಟರನ್ನು ಸಾಲಿನಲ್ಲಿ ಸೇರಿಸಿದರೆ 393 ಎಂಬುದು 198ಕ್ಕೆ ಕುಸಿಯುತ್ತದೆ, 43 ಮಾತ್ರ 39ಕ್ಕೆ ಇಳಿದು ನಿಲ್ಲುತ್ತದೆ. ಒಂಬತ್ತು ಪಟ್ಟು ಐದಕ್ಕೆ ಬಂತು. ಉಳಿದದ್ದನ್ನು ಒಂಬತ್ತು ಪಿಕೊಫ್ಯಾರಡ್‌ನ ಇನ್ನೊಂದು ಟ್ರಿಮ್ಮರ್ ಸರಿಪಡಿಸುತ್ತದೆ. ಸಾಲಿನ ಈ ಕೆಪಾಸಿಟರಿಗೆ ಪ್ಯಾಡರ್ ಎಂದು ಹೆಸರು. ರೇಡಿಯೊ ರಿಪೇರಿಯವರು ಡಯಲ್ಲಿನ ಮೇಲಿನ ತುದಿಯಲ್ಲಿ ಟ್ರಿಮ್ಮರನ್ನೂ ಕೆಳತುದಿಯಲ್ಲಿ ಪ್ಯಾಡರನ್ನೂ ತಿರುಚಿ, ಮತ್ತೆ ಮೇಲಕ್ಕೆ ಹೋಗಿ, ಮತ್ತೆ ಕೆಳಕ್ಕೆ ಬಂದು ಹೊಂದಿಸುತ್ತಿದ್ದುದರ ಹಿಂದೆ ಇದ್ದದ್ದು ಈ ಲೆಕ್ಕ. ಎರಡು ಸೂತ್ರಗಳೂ ಇಷ್ಟು ನಯವಾಗಿ ಒಂದೇ ಕೆಲಸಕ್ಕೆ ಕೂಡಿಬಂದ ಸ್ಥಳ ಇನ್ನೊಂದು ಸಿಗುವುದು ಕಷ್ಟ.

ಭೋಸರಿ, ಚಾಕಣದ ಹಲಗೆಗಳು

ಪುಣೆಯ ಉತ್ತರಕ್ಕಿರುವ ಪಿಂಪ್ರಿ–ಚಿಂಚವಡ, ಭೋಸರಿ, ಚಾಕಣದ ಕಾರ್ಖಾನೆಗಳಲ್ಲಿ ಕೆಪಾಸಿಟರ್ ಕಬ್ಬಿಣದ ಬೀರುವಿನ ಗಾತ್ರಕ್ಕೆ ಬೆಳೆಯುತ್ತದೆ. ಲೇತು, ಪ್ರೆಸ್ಸು, ಕಂಪ್ರೆಸರ್ ಎಲ್ಲದರ ಹೊಟ್ಟೆಯಲ್ಲೂ ಇಂಡಕ್ಷನ್ ಮೋಟಾರು. ಮೋಟಾರು ಕೆಲಸಕ್ಕೆ ಬೇಕಾದ ಪ್ರವಾಹದ ಜೊತೆಗೆ ತನ್ನ ಕಾಂತಕ್ಷೇತ್ರ ಕಟ್ಟಲೆಂದು ಇನ್ನೊಂದಿಷ್ಟು ಪ್ರವಾಹ ಎಳೆಯುತ್ತದೆ. ಕೆಲಸ ಮಾಡದೆ ಸುಮ್ಮನೆ ಹೋಗಿಬರುವ ಆ ಪ್ರವಾಹವೂ ತಂತಿಯನ್ನು ಬಿಸಿಮಾಡುತ್ತದೆ. ಕೆಪಾಸಿಟರ್ ಎಳೆಯುವ ಪ್ರವಾಹದ ಲಯ ಅದಕ್ಕೆ ನೇರ ವಿರುದ್ಧ. ಹೀಗಾಗಿ ಮೋಟಾರಿಗೆ ಸಮಾಂತರವಾಗಿ ಕೆಪಾಸಿಟರ್ ಕೂರಿಸಿದರೆ ಆ ಹೋಗಿಬರುವ ಪ್ರವಾಹ ಇಬ್ಬರ ನಡುವೆಯೇ ಆಡಿಕೊಂಡಿರುತ್ತದೆ, ವಿದ್ಯುತ್ ಕಂಪನಿಯ ತಂತಿಗೆ ಬರುವುದಿಲ್ಲ.

ಲೆಕ್ಕಕ್ಕೆ 100 ಕಿಲೋವಾಟ್ ಕೆಲಸ, ಪವರ್ ಫ್ಯಾಕ್ಟರ್ (ಒಟ್ಟು ಎಳೆದದ್ದರಲ್ಲಿ ಕೆಲಸಕ್ಕೆ ಬಂದ ಪಾಲು) 0.75 ಇರುವ ಒಂದು ಶೆಡ್ಡು. 415 ವೋಲ್ಟ್ ಮೂರು ಫೇಸಿನಲ್ಲಿ ಅದು ಎಳೆಯುವುದು ಒಟ್ಟು 133 ಕೆವಿಎ, ಸುಮಾರು 185 ಆಂಪಿಯರ್. ಸುಮ್ಮನೆ ಹೋಗಿಬರುವ ಪಾಲನ್ನು ಅಳೆಯುವುದು ಕೆವಿಎಆರ್‌ನಲ್ಲಿ; 68 ಕೆವಿಎಆರ್ ಕೆಪಾಸಿಟರ್ ಸಮಾಂತರವಾಗಿ ಸೇರಿಸಿದರೆ ಪವರ್ ಫ್ಯಾಕ್ಟರ್ 0.98ಕ್ಕೆ ಏರಿ 102 ಕೆವಿಎ, 142 ಆಂಪಿಯರಿಗೆ ಇಳಿಯುತ್ತದೆ. ಕೆಲಸದಲ್ಲಿ ಒಂದು ವಾಟೂ ಕಡಿಮೆಯಾಗಿಲ್ಲ. ಮಹಾರಾಷ್ಟ್ರದಲ್ಲಿ 2020ರ ಏಪ್ರಿಲ್‌ನಿಂದ ಹೈಟೆನ್ಷನ್ ಗ್ರಾಹಕರಿಗೆ ಕೆವಿಎ–ಗಂಟೆಯ ಲೆಕ್ಕದಲ್ಲಿ ಬಿಲ್ಲು ಬರುತ್ತಿರುವುದರಿಂದ ಈ ಇಳಿಕೆ ನೇರವಾಗಿ ಹಣ. ಆದರೆ ಕೆಪಾಸಿಟರ್ ಹೆಚ್ಚಾಗಿ ಪ್ರವಾಹ ಎದುರು ಬದಿಗೆ ವಾಲಿದರೂ ಅದೂ ಲೆಕ್ಕಕ್ಕೆ ಸೇರುತ್ತದೆ. ರಾತ್ರಿ ಪಾಳಿಯಲ್ಲಿ ಅರ್ಧ ಯಂತ್ರಗಳು ನಿಂತ ಮೇಲೂ 68 ಕೆವಿಎಆರ್ ಪೂರ್ತಿ ಜೋಡಿಸಿಟ್ಟರೆ ನಷ್ಟವೇ. ಅದಕ್ಕೆಂದೇ ಬೀರುವಿನೊಳಗೆ 5, 10, 25 ಕೆವಿಎಆರ್‌ನ ತುಂಡುಗಳಿದ್ದು, ಹೊರೆ ನೋಡಿಕೊಂಡು ಕಂಟ್ರೋಲರ್ ಅವನ್ನು ಒಂದೊಂದಾಗಿ ಸಮಾಂತರದಲ್ಲಿ ಸೇರಿಸುತ್ತದೆ, ತೆಗೆಯುತ್ತದೆ.

ಹೀಗೆ ಸೇರಿಸುವ ಗಳಿಗೆ ಅಪಾಯದ್ದು. ತುಂಬಿದ ಕೆಪಾಸಿಟರಿಗೆ ಬರಿದಾದದ್ದನ್ನು ಸಮಾಂತರದಲ್ಲಿ ತಗುಲಿಸಿದರೆ ಆವೇಶ ರಭಸದಿಂದ ನುಗ್ಗುತ್ತದೆ. 100 ವೋಲ್ಟಿಗೆ ತುಂಬಿದ 10 ಮೈಕ್ರೊಫ್ಯಾರಡ್‌ಗೆ ಬರಿದಾದ ಇನ್ನೊಂದು 10ನ್ನು ತಾಗಿಸಿದರೆ ಎರಡೂ 50 ವೋಲ್ಟಿಗೆ ಬಂದು ನಿಲ್ಲುತ್ತವೆ. ಆವೇಶ ಒಂದಿಷ್ಟೂ ಕಳೆದಿಲ್ಲ. ಶಕ್ತಿ ಮಾತ್ರ 0.05 ಜೂಲಿನಿಂದ 0.025ಕ್ಕೆ ಇಳಿದಿರುತ್ತದೆ. ಕಳೆದ ಅರ್ಧ ಕಿಡಿಯಾಗಿ, ತಂತಿಯ ಬಿಸಿಯಾಗಿ ಹೋಗಿರುತ್ತದೆ. ತಂತಿ ಎಷ್ಟೇ ದಪ್ಪವಿರಲಿ, ತೆಳುವಿರಲಿ, ಕಳೆಯುವುದು ಅರ್ಧವೇ. ಕಾರ್ಖಾನೆಯ ಬೀರುವಿನಲ್ಲಿ ಅಕ್ಕಪಕ್ಕ ಕೂತ ತುಂಬಿದ ತುಂಡುಗಳು ಹೊಸದಾಗಿ ಬಂದ ತುಂಡಿನ ಮೇಲೆ ಒಟ್ಟಿಗೆ ಎರಗುವುದರಿಂದ ಸಾಮಾನ್ಯ ಕಾಂಟ್ಯಾಕ್ಟರ್‌ಗಳ, ಅಂದರೆ ಕಂಟ್ರೋಲರ್ ಚಲಾಯಿಸುವ ಸ್ವಿಚ್ಚುಗಳ, ತುದಿಗಳು ಬೆಸುಗೆಯಾಗಿಬಿಡುತ್ತವೆ. ಕೆಪಾಸಿಟರಿಗೆಂದೇ ಮಾಡಿದ ಕಾಂಟ್ಯಾಕ್ಟರ್ ಮೊದಲು ರೋಧಕದ ತಂತಿಯ ಮೂಲಕ ತುಂಬಿಸಿ ಆಮೇಲೆ ನೇರವಾಗಿ ಸೇರಿಸುತ್ತದೆ.

ಮೋಟಾರಿನ ವೇಗ ಬದಲಿಸುವ ಡ್ರೈವ್‌ಗಳು ಹೆಚ್ಚಿದಂತೆ ಇನ್ನೊಂದು ತಲೆನೋವು ಬಂತು. ಅವು 50 ಹರ್ಟ್ಸ್ ಜೊತೆಗೆ 250, 350 ಹರ್ಟ್ಸ್‌ನ ಪ್ರವಾಹವನ್ನೂ ತಂತಿಗೆ ಬಿಡುತ್ತವೆ. ಕಂಪನಾಂಕ ಏರಿದಷ್ಟೂ ಕೆಪಾಸಿಟರಿನ ಅಡ್ಡಿ ಇಳಿಯುವುದರಿಂದ ಆ ಕಸವೆಲ್ಲ ಅದರೊಳಗೇ ನುಗ್ಗುತ್ತದೆ. ಉಪಾಯವೆಂದರೆ ಪ್ರತಿ ಕೆಪಾಸಿಟರಿಗೂ ಸರಣಿಯಲ್ಲಿ ಒಂದು ಸುರುಳಿ. ರೂಢಿಯ 7 ಶೇಕಡಾ ಸುರುಳಿ (50 ಹರ್ಟ್ಸ್‌ನಲ್ಲಿ ಕೆಪಾಸಿಟರಿನ ಅಡ್ಡಿಯ 7 ಶೇಕಡಾ ಅಡ್ಡಿ ಇರುವುದು) ಜೊತೆಗಿದ್ದರೆ ಜೋಡಿಯ ಅನುರಣನ 189 ಹರ್ಟ್ಸ್‌ಗೆ ಬಂದು ನಿಲ್ಲುತ್ತದೆ, 250ರ ಪ್ರವಾಹಕ್ಕೆ ಒಳದಾರಿ ಸಿಗುವುದಿಲ್ಲ. ಬೆಲೆ ತೆರಬೇಕಾದ್ದು ವೋಲ್ಟೇಜಿನಲ್ಲಿ. ಫ್ಯಾನಿನ ಸುರುಳಿಯಲ್ಲಿ ಕಂಡ ಅದೇ ಎದುರುಬದುರು ಲೆಕ್ಕದಿಂದ ಕೆಪಾಸಿಟರ್ ಮೇಲೆ 415ರ ಬದಲು 446 ವೋಲ್ಟ್ ಬೀಳುತ್ತದೆ. ಅಲ್ಲಿದ್ದ 440 ವೋಲ್ಟಿನ ಹಳೆಯ ಕೆಪಾಸಿಟರಿಗೆ ಸುರುಳಿ ಮಾತ್ರ ಹೊಸದಾಗಿ ಸೇರಿಸಿ ಹಣ ಉಳಿಸುವವರು ಇದನ್ನು ಗಮನಿಸುವುದಿಲ್ಲ. 480 ಅಥವಾ 525 ವೋಲ್ಟಿನದೇ ಬೇಕು.

ಡ್ರೈವ್‌ನ ಹೊಟ್ಟೆಯೊಳಗೆ ಸರಣಿಯ ನಿಜವಾದ ಪರೀಕ್ಷೆ ನಡೆಯುತ್ತದೆ. 415 ವೋಲ್ಟನ್ನು ನೇರ ವಿದ್ಯುತ್ತಾಗಿಸಿದರೆ ತುತ್ತತುದಿ 587 ವೋಲ್ಟ್. ಅದನ್ನು ಒಬ್ಬಂಟಿಯಾಗಿ ತಾಳುವ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್ ಸಾಮಾನ್ಯವಾಗಿ ಸಿಗುವುದಿಲ್ಲ. ಆದ್ದರಿಂದ ಎರಡನ್ನು ಸಾಲಾಗಿ ಹಾಕುತ್ತಾರೆ. 350 ವೋಲ್ಟಿನ ಎರಡು ಸೇರಿದರೆ 700, ಸಾಕಲ್ಲವೇ ಎನ್ನಿಸುತ್ತದೆ. ಸಾಲದು. ಇಂಥ ಕೆಪಾಸಿಟರುಗಳ ಮೇಲೆ ಬರೆದ ಸಂಖ್ಯೆ 20 ಶೇಕಡಾ ಆಚೀಚೆ ಇರಬಹುದು. 2200 ಮೈಕ್ರೊಫ್ಯಾರಡ್ ಎಂದು ಬರೆದ ಎರಡರಲ್ಲಿ ಒಂದು 2640, ಇನ್ನೊಂದು 1760 ಆಗಿದ್ದರೆ, ಚಿಕ್ಕದರ ಪಾಲಿಗೆ 352 ವೋಲ್ಟ್ ಬೀಳುತ್ತದೆ, ದೊಡ್ಡದು 235ರಲ್ಲಿ ಆರಾಮವಾಗಿರುತ್ತದೆ. ಮಿತಿ ದಾಟಿದ ಚಿಕ್ಕದು ಹೋದರೆ 587 ಪೂರ್ತಿ ಇನ್ನೊಂದರ ಮೇಲೆ, ಅದೂ ಹೋಗುತ್ತದೆ. 400 ವೋಲ್ಟಿನವನ್ನು ಹಾಕಿದರೆ ಒಂದಿಷ್ಟು ಉಸಿರಾಡಲು ಜಾಗ. ಅಲ್ಲಿಗೂ ಮುಗಿಯಲಿಲ್ಲ. ನೇರ ವಿದ್ಯುತ್ತಿನಲ್ಲಿ ಹೊತ್ತು ಕಳೆದಂತೆ ಹಂಚಿಕೆಯನ್ನು ತೀರ್ಮಾನಿಸುವುದು ಧಾರಕತೆಯಲ್ಲ, ಪ್ರತಿಯೊಂದರೊಳಗಿನ ಸೋರಿಕೆ. ಕಡಿಮೆ ಸೋರುವುದರ ಮೇಲೆ ವೋಲ್ಟೇಜ್ ಮೆಲ್ಲಗೆ ಏರುತ್ತ ಹೋಗುತ್ತದೆ. ಅದಕ್ಕೇ ಪ್ರತಿ ಕೆಪಾಸಿಟರಿಗೂ ಸಮಾಂತರವಾಗಿ ಒಂದೇ ಬೆಲೆಯ ರೋಧಕವನ್ನು ಇಡುತ್ತಾರೆ. ಸೋರಿಕೆಗಿಂತ ಹೆಚ್ಚು ಪ್ರವಾಹ ಅದರಲ್ಲಿ ಹರಿಯುವುದರಿಂದ ಹಂಚಿಕೆ ಸಮನಾಗಿ ಉಳಿಯುತ್ತದೆ. ಡ್ರೈವ್ ಬಿಚ್ಚಿದಾಗ ದಪ್ಪ ಡಬ್ಬಿಗಳ ತಲೆಯ ಮೇಲೆ ಕಾಣುವ ಆ ರೋಧಕಗಳಿಗೆ ಇನ್ನೂ ಒಂದು ಕೆಲಸವಿದೆ, ವಿದ್ಯುತ್ ನಿಂತ ಮೇಲೆ ಆವೇಶವನ್ನು ಬರಿದು ಮಾಡುವುದು.

ಸೂಪರ್ ಕೆಪಾಸಿಟರಿನಲ್ಲೂ ಇದೇ ಸಮಸ್ಯೆ, ಇನ್ನೂ ತೀವ್ರವಾಗಿ. ಒಂದೊಂದು ಕೋಶ 3000 ಫ್ಯಾರಡ್ ಇದ್ದರೂ ತಾಳುವುದು 2.7 ವೋಲ್ಟ್. ಆರನ್ನು ಸಾಲಾಗಿ ಜೋಡಿಸಿದರೆ 16.2 ವೋಲ್ಟ್ ಸಿಗುತ್ತದೆ, ಧಾರಕತೆ 500 ಫ್ಯಾರಡ್‌ಗೆ ಇಳಿಯುತ್ತದೆ. ಶಕ್ತಿ ನಷ್ಟವಾಯಿತೇ? ಇಲ್ಲ. ಒಂದೊಂದರಲ್ಲಿ 10,935 ಜೂಲ್, ಆರರಲ್ಲಿ 65,610. ಸಾಲನ್ನು ಒಂದೇ ಕೆಪಾಸಿಟರ್ ಎಂದು ಲೆಕ್ಕ ಹಾಕಿದರೂ ಅದೇ 65,610. ಜೋಡಣೆ ಯಾವುದೇ ಇರಲಿ, ಪ್ರತಿಯೊಂದೂ ತನ್ನ ಮಿತಿಯವರೆಗೆ ತುಂಬಿದ್ದರೆ ಒಟ್ಟು ಶಕ್ತಿ ಬದಲಾಗದು. ಕಾಸರಗೋಡಿಗೆ ಹೊಂದಿಕೊಂಡ ಕಣ್ಣೂರಿನಲ್ಲಿ ಕೆಲ್ಟ್ರಾನ್ ಸಂಸ್ಥೆ ಇಸ್ರೊ ತಂತ್ರಜ್ಞಾನದ ನೆರವಿನಿಂದ ಸೂಪರ್ ಕೆಪಾಸಿಟರ್ ತಯಾರಿಕೆಗೆ ಇಳಿದಿದೆ.

ಉಪಕೇಂದ್ರದ ಸಾಲುಗಳು

ಪುಣೆಗೆ ವಿದ್ಯುತ್ ತರುವ ಲೋಣಿಕಂದ, ಚಾಕಣ, ಜೇಜುರಿಯ 400 ಕಿಲೋವೋಲ್ಟ್ ಉಪಕೇಂದ್ರಗಳಂಥ ಕಡೆ ತಂತಿಯ ವೋಲ್ಟೇಜ್ ಅಳೆಯುವುದೇ ಸರಣಿಯ ಕೆಲಸ. ಫೇಸಿನಿಂದ ಭೂಮಿಗೆ 231 ಕಿಲೋವೋಲ್ಟ್. ಯಾವ ಮೀಟರಿಗೂ ಅದನ್ನು ನೇರ ಕೊಡಲಾಗದು. ಪಿಂಗಾಣಿಯ ಎತ್ತರದ ಕಂಬದೊಳಗೆ ನೂರಾರು ಕೆಪಾಸಿಟರುಗಳನ್ನು ಒಂದರ ಮೇಲೊಂದು ಸಾಲಾಗಿ ಪೇರಿಸಿ, ತಳದ ಬಳಿ ಒಂದು ಕವಲು ತೆಗೆಯುತ್ತಾರೆ. ಇಡೀ ಕಂಬದ ಧಾರಕತೆ 4400 ಪಿಕೊಫ್ಯಾರಡ್, ಕವಲಿನ ಕೆಳಗಿನ ಭಾಗದ್ದು 88,000 ಎಂದಾದರೆ, ಆ ಕೆಳಭಾಗದ ಪಾಲಿಗೆ ಬರುವುದು ಇಪ್ಪತ್ತರಲ್ಲಿ ಒಂದು ಪಾಲು, ಸುಮಾರು 11.5 ಕಿಲೋವೋಲ್ಟ್. ಅಲ್ಲಿಂದ ಚಿಕ್ಕ ಟ್ರಾನ್ಸ್‌ಫಾರ್ಮರ್ ಅದನ್ನು 63.5 ವೋಲ್ಟಿಗೆ ಇಳಿಸಿ ಮೀಟರಿಗೂ ರಿಲೇಗೂ ಕೊಡುತ್ತದೆ. ದೊಡ್ಡ ಧಾರಕತೆಗೆ ಚಿಕ್ಕ ಪಾಲು ಎಂಬ ನಿಯಮ ಇಲ್ಲಿ ತೊಂದರೆಯಲ್ಲ, ಉಪಕರಣವೇ ಅದು.

ಉಪಕೇಂದ್ರದ ಅಂಗಳದಲ್ಲಿ ಬೇಲಿಯೊಳಗೆ ಚೌಕಟ್ಟುಗಳ ಮೇಲೆ ಪೇರಿಸಿಟ್ಟ ಬೂದು ಬಣ್ಣದ ಡಬ್ಬಿಗಳ ಕೆಪಾಸಿಟರ್ ಬ್ಯಾಂಕಿನಲ್ಲಿ ಎರಡೂ ಜೋಡಣೆ ಹೆಣೆದುಕೊಂಡಿವೆ. ಒಂದಷ್ಟು ಡಬ್ಬಿ ಸಮಾಂತರವಾಗಿ ಒಂದು ಗುಂಪು, ಅಂಥ ಗುಂಪುಗಳು ಸರಣಿಯಲ್ಲಿ. ಒಂದು ಫೇಸಿನಲ್ಲಿ ಹತ್ತತ್ತು ಡಬ್ಬಿಯ ಎರಡು ಗುಂಪುಗಳು ಸಾಲಾಗಿವೆ ಎನ್ನೋಣ. ಒಂದು ಡಬ್ಬಿಯ ಫ್ಯೂಸ್ ಹಾರಿದರೆ ಆ ಗುಂಪಿನಲ್ಲಿ ಒಂಬತ್ತು ಉಳಿಯುತ್ತವೆ. ಮೂರು ಫೇಸುಗಳು ನಕ್ಷತ್ರದಂತೆ ಕೂಡುವ ನಡುಬಿಂದು ಅಲುಗುವುದನ್ನು ಬದಿಗಿಟ್ಟರೂ ಆ ಗುಂಪಿನ ವೋಲ್ಟೇಜ್ 5.3 ಶೇಕಡಾ ಏರುತ್ತದೆ. ಅದೇ ಗುಂಪಿನಲ್ಲಿ ಎರಡನೆಯದೂ ಹೋದರೆ ಏರಿಕೆ 11 ಶೇಕಡಾ ದಾಟುತ್ತದೆ. ಇಂಥ ಡಬ್ಬಿಗಳು ದೀರ್ಘಕಾಲ ತಾಳಬಲ್ಲ ಹೆಚ್ಚುವರಿ ವೋಲ್ಟೇಜ್ ಸುಮಾರು 10 ಶೇಕಡಾ. ಅಂದರೆ ಮೂರನೆಯದು ಹೋಗುವ ಮೊದಲೇ ಇಡೀ ಬ್ಯಾಂಕನ್ನು ಕಳಚಬೇಕು. ಹಾಗಾಗಿ ಬ್ಯಾಂಕನ್ನು ಎರಡು ನಕ್ಷತ್ರಗಳಾಗಿ ಕಟ್ಟಿ, ಎರಡರ ನಡುಬಿಂದುಗಳನ್ನು ಸೇರಿಸುವ ತಂತಿಯಲ್ಲಿ ಪ್ರವಾಹ ಕಾಣಿಸಿಕೊಳ್ಳುತ್ತದೆಯೇ ಎಂದು ರಿಲೇ ಕಾಯುತ್ತಿರುತ್ತದೆ. ಎಲ್ಲವೂ ಸಮವಿದ್ದಾಗ ಅಲ್ಲಿ ಪ್ರವಾಹವೇ ಇರದು.

ಎರಡೂ ಜೋಡಣೆಗಳನ್ನು ಒಂದಾದ ಮೇಲೊಂದು ಬಳಸುವ ಯಂತ್ರವೂ ಇದೆ. 1924ರಲ್ಲಿ ಜರ್ಮನಿಯ ಎರ್ವಿನ್ ಮಾರ್ಕ್ಸ್ ರೂಪಿಸಿದ ಜನರೇಟರ್ ಕೆಪಾಸಿಟರುಗಳನ್ನು ಸಮಾಂತರದಲ್ಲಿ ತುಂಬಿಸಿ, ಕಿಡಿಯಂತರಗಳು ಹತ್ತಿಕೊಂಡ ಕೂಡಲೇ ಸರಣಿಯಾಗಿಸಿ ಖಾಲಿ ಮಾಡುತ್ತದೆ. ಒಂದು ಲಕ್ಷ ವೋಲ್ಟಿನ ಹತ್ತು ಹಂತ ಸೇರಿ ಹತ್ತು ಲಕ್ಷ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಹೈವೋಲ್ಟೇಜ್ ಪ್ರಯೋಗಾಲಯದಲ್ಲಿ ಇಂಥದ್ದು 30 ಲಕ್ಷ ವೋಲ್ಟ್‌ವರೆಗಿನದಿದೆ. ಪಿಂಗಾಣಿ, ಟ್ರಾನ್ಸ್‌ಫಾರ್ಮರುಗಳ ಮೇಲೆ ಸಿಡಿಲಿನಂಥ ಹೊಡೆತ ಕೊಟ್ಟು ನೋಡಲು ಅದು ಬೇಕು.

ಉಳಿದದ್ದು ಬರಿದು ಮಾಡುವ ಮಾತು. ಕಾರ್ಖಾನೆಯ 415 ವೋಲ್ಟ್ ಕೆಪಾಸಿಟರುಗಳು ಕಳಚಿದ ಮೂರು ನಿಮಿಷದೊಳಗೆ 75 ವೋಲ್ಟಿಗೆ ಇಳಿಯುವಂತೆ ಒಳಗೇ ರೋಧಕ ಇಟ್ಟಿರುತ್ತಾರೆ. ಆ ರೋಧಕ ಸುಟ್ಟಿದ್ದರೆ ಹೊರಗೆ ತಿಳಿಯುವುದಿಲ್ಲ, ಆದ್ದರಿಂದ ಮುಟ್ಟುವ ಮೊದಲು ತುದಿಗಳನ್ನು ಭೂಮಿಗೆ ತಾಗಿಸುವುದು ರೂಢಿ. ಸಮಾಂತರದಲ್ಲಿದ್ದರೆ ಅಷ್ಟು ಸಾಕು. ಸರಣಿಯಲ್ಲಿದ್ದರೆ ಸಾಲದು. ಮೊದಲ ಉದಾಹರಣೆಯ 10 ಮತ್ತು 15 ಮೈಕ್ರೊಫ್ಯಾರಡ್‌ನವು ಸೋರಿಕೆಯ ದೆಸೆಯಿಂದ 60 ಮತ್ತು 40ರ ಬದಲು 50–50 ವೋಲ್ಟಿನಲ್ಲಿದ್ದವು ಎಂದುಕೊಂಡರೆ, ಒಂದರಲ್ಲಿ 500, ಇನ್ನೊಂದರಲ್ಲಿ 750 ಮೈಕ್ರೊಕೂಲಂಬ್ ಇರುತ್ತದೆ. ಸಾಲಿನ ಎರಡು ಹೊರತುದಿಗಳನ್ನು ಸೇರಿಸಿದಾಗ ಮಧ್ಯದ ತಂತಿಯಲ್ಲಿ 250 ಮೈಕ್ರೊಕೂಲಂಬ್ ಸಿಕ್ಕಿಬಿದ್ದು, ಎರಡರ ಮೇಲೂ ಹತ್ತತ್ತು ವೋಲ್ಟ್ ಎದುರುಬದುರಾಗಿ ಉಳಿಯುತ್ತದೆ. ಹೊರತುದಿಗಳಿಗೆ ಮೀಟರ್ ಹಿಡಿದರೆ ತೋರಿಸುವುದು ಸೊನ್ನೆ. ಅದೇ ಲೆಕ್ಕ ಹತ್ತು ಸಾವಿರ ವೋಲ್ಟಿನ ಸಾಲಿನಲ್ಲಾದರೆ ಮಧ್ಯದ ತಂತಿಯಲ್ಲಿ ಸಾವಿರ ವೋಲ್ಟ್. ಹಾಗಾಗಿ ಬ್ಯಾಂಕಿನ ಬೇಲಿಯೊಳಗೆ ಹೋಗುವ ಲೈನ್‌ಮನ್ ಭೂಮಿಗೆ ಸೇರಿಸಿದ ಕೋಲನ್ನು ತುದಿಗಳಿಗಷ್ಟೇ ಅಲ್ಲ, ಸರಣಿಯ ಪ್ರತಿಯೊಂದು ಗುಂಪಿನ ನಡುವಿನ ಕೊಂಡಿಗೂ ಒಂದೊಂದಾಗಿ ತಾಗಿಸಿ, ಆಮೇಲಷ್ಟೇ ಡಬ್ಬಿಯ ಮೇಲೆ ಕೈ ಇಡುತ್ತಾನೆ.